ಕಿವಿ ಮಡಿಕೆ

ಫೆಬ್ರವರಿ ೯

ಅಕ್ಕಾ,

‘ಬಿಳಿ ಎನ್ನುವುದು ಬಣ್ಣವಲ್ಲ, ಬಿಟ್ಟುಕೊಟ್ಟ ಹಠ.’ ಸಾಲು ಹೀಗೇ ಇತ್ತೇ? ಒಂದು ವಾರದಿಂದ ತಲೆಯಲ್ಲಿ ಸುತ್ತುತ್ತಿದೆ. ಕೆಲವು ಸಲ ‘ಬಿಡದ ಹಠ’ ಎಂದು ನೆನಪಾಗುತ್ತದೆ. ಬಿಟ್ಟುಕೊಟ್ಟಿದ್ದಾದರೆ ಬರೆದವಳ ಮೇಲೆ ನನಗೆ ಸಿಟ್ಟು ಬರುತ್ತದೆ. ಬಿಡದೆ ಇದ್ದದ್ದಾದರೆ, ಬಟ್ಟೆ ಬಿಳಿಯಾಗುವುದಾದರೂ ಹೇಗೆ ಎಂದು ಕೇಳಬೇಕೆನಿಸುತ್ತದೆ. ನಾನು ಅದನ್ನು ಓದಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದೇ ಒಂದು ಸಲ, ನಿಮ್ಮ ಲಾಂಡ್ರಿಯ ಹೊಲಿಗೆ ಕೋಣೆಯಲ್ಲಿ, ಅಮ್ಮನ ಮಡಿಲಲ್ಲಿ ಬಿಡಿಸಿಟ್ಟ ಪತ್ರಿಕೆಯಲ್ಲಿ.

ಆ ಪತ್ರಿಕೆಯ ಬಗ್ಗೆ ನಮ್ಮ ತಂಡದವರಿಗೆ ಹೇಳಿದೆ. ಹರಿದು ರದ್ದಾದ ಬೆಡ್‌ಶೀಟುಗಳನ್ನು ಕತ್ತರಿಸಿ, ಬಟ್ಟೆಗೆ ಗುರುತು ಹಾಕುವ ಶಾಯಿಯಲ್ಲಿ ಬರೆದು, ಅಂಚು ಹೊಲಿದು, ದಿಂಬಿನ ಕವರಿನೊಳಗೆ ಕೈಯಿಂದ ಕೈಗೆ ಹೋಗುವ ಪತ್ರಿಕೆ, ಪ್ರತಿ ಒಂದೇ, ಓದಿದವಳು ತನ್ನದೊಂದು ಪುಟ ಹೊಲಿದು ಮುಂದೆ ದಾಟಿಸಬೇಕು ಎಂದೆ. ಯಾರೂ ನಂಬಲಿಲ್ಲ. ಅದು ಈಗಲೂ ನಡೆಯುತ್ತಿದೆ ಎಂದೆ. ಆಗ ಎಲ್ಲರೂ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ನಾನೀಗ ಟೀವಿಗಾಗಿ ಒಂದು ಸಾಕ್ಷ್ಯಚಿತ್ರ ಸರಣಿ ಮಾಡುತ್ತಿದ್ದೇನೆ. ಹೆಸರು ‘ಅಂಚಿನವರು’. ನೆಲಮಾಳಿಗೆಯಲ್ಲಿ ಮುರಿದ ರೇಡಿಯೊಗಳನ್ನೇ ವಾದ್ಯ ಮಾಡಿಕೊಂಡ ಹುಡುಗಿಯರು, ಲಿಫ್ಟಿನೊಳಗೆ ಏಳು ಮಹಡಿ ಏರುವಷ್ಟರಲ್ಲಿ ನಾಟಕ ಆಡಿ ಮುಗಿಸುವವರು, ಹೀಗೆ ಯಾರ ಕಣ್ಣಿಗೂ ಬೀಳದೆ ತಮ್ಮದೊಂದನ್ನು ಕಟ್ಟಿಕೊಂಡವರ ಕುರಿತು. ಆರು ಕಂತು. ಒಂದು ಕಂತು ನಿಮ್ಮದಾಗಲಿ ಎಂದು ಕೇಳುತ್ತಿದ್ದೇನೆ.

ಫೋನಿನಲ್ಲಿ ಕೇಳಿದರೆ ನೀನು ‘ಆಮೇಲೆ ಮಾತಾಡೋಣ’ ಎಂದು ಇಟ್ಟುಬಿಡುತ್ತೀ. ಅಮ್ಮ ಹೋದ ಈ ಎರಡು ವರ್ಷ ನಾವು ಆಡಿದ್ದೇ ಅಷ್ಟು. ಅದಕ್ಕೇ ಕಾಗದ. ಹಿಂದೆ ನಾನು ಮಾಡಿದ್ದನ್ನು ಮರೆತು ಕೇಳುತ್ತಿಲ್ಲ.

ನಿನ್ನ
ಪುಟ್ಟಿ


ಫೆಬ್ರವರಿ ೨೬

ಪುಟ್ಟಿ,

ಸಾಲು ಯಾವುದಾದರೂ ಆಗಲಿ, ಆ ಪುಟ ಈಗಿಲ್ಲ. ಬರೆದ ಅಮ್ಮನೇ ಬಿಚ್ಚಿ ತೆಗೆದಳು.

ಮರೆತಿಲ್ಲ ಎಂದು ಬರೆದಿದ್ದೀ. ಏನನ್ನು ಮರೆತಿಲ್ಲ ಎಂದು ಬರೆದಿಲ್ಲ. ನಾನೇ ಬರೆಯುತ್ತೇನೆ, ಒಮ್ಮೆಯಾದರೂ ಯಾರಾದರೂ ಬರೆಯಲಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ನೀನು ‘ನಮ್ಮಮ್ಮನ ಗುಟ್ಟಿನ ಪತ್ರಿಕೆ’ ಎಂದು ಪ್ರಬಂಧ ಬರೆದೆ. ಮೊದಲ ಬಹುಮಾನ ಬಂತು. ಮ್ಯಾನೇಜರನ ಮಗಳು ನಿನ್ನ ತರಗತಿಯಲ್ಲೇ ಇದ್ದಳು. ಅಮ್ಮನನ್ನು ಹೊಲಿಗೆ ಕೋಣೆಯಿಂದ ಎಬ್ಬಿಸಿ, ಆಸ್ಪತ್ರೆಯಿಂದ ಬರುವ ಕೊಳೆ ಬಟ್ಟೆ ವಿಂಗಡಿಸುವಲ್ಲಿಗೆ ಹಾಕಿದರು. ಹನ್ನೊಂದು ವರ್ಷ ಅಲ್ಲಿದ್ದಳು. ಆಮೇಲೆ ಒಂದು ಪುಟವನ್ನೂ ಬರೆಯಲಿಲ್ಲ. ನಿನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ನಲವತ್ತೊಂದು ಜನ ಇದ್ದೇವೆ. ಪೆನ್ನು, ಕಾಗದ ಒಳಗೆ ತರುವಂತಿಲ್ಲ. ಅದು ನ್ಯಾಯವೇ, ಜೇಬಿನಲ್ಲಿ ಮರೆತ ಒಂದು ಪೆನ್ನು ಯಂತ್ರದೊಳಗೆ ಹೋದರೆ ಇನ್ನೂರು ಬೆಡ್‌ಶೀಟು ಹಾಳು. ಆದರೆ ರದ್ದಾದ ಬಟ್ಟೆಯೂ ಕಂಪನಿಯದೇ, ಶಾಯಿಯೂ ಕಂಪನಿಯದೇ. ಸಿಕ್ಕಿಬಿದ್ದರೆ ಕಳ್ಳತನ ಅನ್ನುತ್ತಾರೆ. ಈ ಸಲ ಜಾಗ ಬದಲಾಯಿಸಿ ಸುಮ್ಮನಾಗುವುದಿಲ್ಲ, ಮನೆಗೆ ಕಳಿಸುತ್ತಾರೆ.

ಆಗುವುದಿಲ್ಲ.

ಅಕ್ಕ

(ಕಾಗದ ಅಂಟಿಸುವ ಮೊದಲು ರೋಲರ್ ಅತ್ತೆಗೆ ತೋರಿಸಿದೆ. ಇಸ್ತ್ರಿಯ ದೊಡ್ಡ ರೋಲರಿನ ಮುಂದೆ ಮೂವತ್ತು ವರ್ಷ ನಿಂತವಳು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಓದಿ, ‘ಅವಳು ಕೇಳಿದ್ದು ನಿನ್ನೊಬ್ಬಳನ್ನೋ ನಮ್ಮನ್ನೆಲ್ಲಾನೋ?’ ಅಂದಳು. ‘ನಮ್ಮನ್ನೆಲ್ಲ’ ಅಂದೆ. ‘ಮತ್ತೆ ಉತ್ತರ ಬರೆಯೋಕೆ ನೀನ್ಯಾರೇ ಮಹಾರಾಣಿ?’ ಅಂದಳು. ಹಾಗಾಗಿ ಕೇಳುತ್ತೇನೆ. ಆಸೆ ಇಟ್ಟುಕೊಳ್ಳಬೇಡ.)


ಮಾರ್ಚ್ ೬

ಅಕ್ಕಾ,

ಪ್ರಬಂಧದ ಬಗ್ಗೆ ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದರಲ್ಲಿ ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಅವರಿಗೆ ಇಷ್ಟು ಹೇಳು. ಯಾರ ಮುಖವೂ ಕಾಣುವುದಿಲ್ಲ. ದನಿ ಬದಲಾಯಿಸುತ್ತೇನೆ. ಲಾಂಡ್ರಿಯ ಹತ್ತಿರಕ್ಕೂ ಬರುವುದಿಲ್ಲ. ರಜೆಯ ದಿನ ನೀವು ಹೇಳಿದ ಕಡೆ ಚಿತ್ರೀಕರಣ. ಊರು, ಬೀದಿ, ಆಸ್ಪತ್ರೆ, ಹೋಟೆಲು ಯಾವುದರ ಹೆಸರೂ ಇರುವುದಿಲ್ಲ. ಕ್ಯಾಮೆರಾದವರು ಇಬ್ಬರೇ, ನನ್ನ ಜೊತೆ ಎಂಟು ವರ್ಷ ದುಡಿದವರು. ಬೇಡ ಎಂದರೆ ಬೇಡ, ಎರಡನೆಯ ಸಲ ಕೇಳುವುದಿಲ್ಲ.

ಪುಟ್ಟಿ


ಏಪ್ರಿಲ್ ೨

ಪುಟ್ಟಿ,

ಊಟದ ಹೊತ್ತಿಗೆ ಕೇಳಿದೆ. ನಾನಂದುಕೊಂಡಂತೆ ಆಗಲಿಲ್ಲ.

‘ಟೀವೀಲಿ ನಮ್ಮ ಪುಟ ಓದ್ತಾರಾ?’ ಎಂದು ಕೇಳಿದವಳು ಬಕೆಟ್. ಪುಟ್ಟ ಆಳು, ದೊಡ್ಡ ಗಂಟಲು, ಅದಕ್ಕೇ ಆ ಹೆಸರು. ‘ನನ್ನ ಗಂಡ ಇಪ್ಪತ್ತು ವರ್ಷದಿಂದ ನಾನು ಮಾತಾಡಿದ್ದು ಕೇಳಿಲ್ಲ. ಟೀವೀಲಿ ಬಂದ್ರೆ ಕೇಳ್ತಾನೆ.’

‘ದನಿ ಬದಲಾಯಿಸ್ತಾರಂತೆ ಕಣೇ’ ಎಂದೆ.

‘ಹಾಗಾದ್ರೆ ಇನ್ನೂ ಒಳ್ಳೇದು. ಯಾರೋ ತಿಳಿದವಳು ಅಂತ ಕೇಳ್ತಾನೆ.’

ಎಲ್ಲರೂ ನಕ್ಕರು. ಆಮೇಲೆ ರೋಲರ್ ಅತ್ತೆ ಒಂದು ಮಾತು ಹೇಳಿದಳು. ಇನ್ನೆರಡು ವರ್ಷದಲ್ಲಿ ಮಡಚುವುದಕ್ಕೂ ಯಂತ್ರ ಬರುತ್ತದಂತೆ. ಬಂದರೆ ನಮ್ಮಲ್ಲಿ ಹತ್ತು ಜನ ಉಳಿದರೆ ಹೆಚ್ಚು. ‘ಆಮೇಲೆ ಈ ಪುಸ್ತಕ ಯಾವ ಗೂಡಲ್ಲಿ ಕೊಳೆಯುತ್ತೋ. ನಾವು ಇದ್ವಿ ಅಂತ ಒಬ್ಬರಿಗಾದ್ರೂ ಗೊತ್ತಾಗಲಿ. ಎಲ್ಲಿದ್ವಿ ಅಂತ ಗೊತ್ತಾಗೋದು ಬೇಡ.’

ಮೂವರು ಬೇಡ ಎಂದರು. ಅವರು ಆ ದಿನ ಬರುವುದಿಲ್ಲ, ಅವರ ಪುಟಗಳನ್ನು ತೋರಿಸುವಂತಿಲ್ಲ. ಉಳಿದವರು ಒಪ್ಪಿದ್ದಾರೆ. ನಾನು ಕೊನೆಗೆ ಕೈ ಎತ್ತಿದೆ. ನಿನಗಾಗಿ ಎತ್ತಿದ್ದಲ್ಲ ಎಂದು ತಿಳಿದುಕೋ.

ನಮ್ಮ ಮನೆಯ ತಾರಸಿಯಲ್ಲಿ ಆಗಲಿ. ಸುತ್ತಲಿನ ಕಟ್ಟಡ ಕಾಣದಂತೆ ಹಗ್ಗ ಕಟ್ಟಿ ಬೆಡ್‌ಶೀಟು ಇಳಿಬಿಡುತ್ತೇವೆ. ನಮಗೆ ಮರೆ ಕಟ್ಟುವುದಕ್ಕೆ ಬಟ್ಟೆಗೇನು ಬರ. ಎಲ್ಲರೂ ಮನೆಯಿಂದ ತರುತ್ತಾರೆ.

ಅಕ್ಕ


ಮೇ ೨೧

ಅಕ್ಕಾ,

ಇದನ್ನು ಓದುವ ಮೊದಲು ಕೂತುಕೋ.

ಚಿತ್ರ ಚೆನ್ನಾಗಿ ಬಂದಿದೆ. ಬಕೆಟ್ ಓದಿದ ಪುಟಕ್ಕೆ ನಮ್ಮ ಧ್ವನಿಮುದ್ರಣದ ಹುಡುಗಿ ಕೆಲಸ ನಿಲ್ಲಿಸಿ ಅತ್ತಳು. ನೀನು ಪತ್ರಿಕೆಯಲ್ಲಿ ತೋರಿಸಲು ಒಪ್ಪಿದ ಮೂವತ್ತು ಪುಟಗಳನ್ನು ಒಂದೊಂದಾಗಿ ತಿರುವಿದ್ದು, ನಿನ್ನ ಬೆರಳು ಅಮ್ಮ ಬಿಚ್ಚಿದ ಜಾಗದ ಹೊಲಿಗೆಯ ತೂತುಗಳ ಮೇಲೆ ಒಂದು ಗಳಿಗೆ ನಿಂತದ್ದು, ಎಲ್ಲ ಇದೆ. ಮುಖ ಇಲ್ಲ, ದನಿ ನಿಮ್ಮದಲ್ಲ. ನೀರಿನ ಟ್ಯಾಂಕಿನ ಮೇಲೆ ಬರೆದಿದ್ದ ಮನೆ ನಂಬರನ್ನೂ ಅಳಿಸಿದ್ದೇನೆ. ಒಂದೊಂದು ಚೌಕಟ್ಟನ್ನೂ ಮೂರು ಸಲ ನೋಡಿದ್ದೇನೆ. ನಿನಗೆ ತೋರಿಸಿದೆ, ರೋಲರ್ ಅತ್ತೆಗೆ ತೋರಿಸಿದೆ, ನೀವೂ ಸರಿ ಎಂದಿರಿ. ಚಾನೆಲ್ಲಿಗೆ ಕಳಿಸಿದೆ. ಅವರು ಜಾಹೀರಾತನ್ನೂ ಕತ್ತರಿಸಿ ಮುಗಿಸಿದರು.

ನಿನ್ನೆ ನಮ್ಮ ಸಂಕಲನಕಾರ ಟೀ ಕುಡಿಯುತ್ತ ಸುಮ್ಮನೆ ಕೇಳಿದ: ‘ಮೇಡಂ, ಕೊನೇಲಿ ಬೆಡ್‌ಶೀಟ್ ಮಡಚ್ತಾರಲ್ಲ, ಆ ಮೂಲೆ ಯಾಕೆ ಒಳಗೆ ಹಾಕ್ತಾರೆ? ನಮ್ಮನೇಲಿ ಹಾಗೆ ಮಾಡಲ್ಲ.’

‘ಎಲ್ಲರೂ ಮಾಡ್ತಾರಲ್ಲ’ ಅಂದೆ.

‘ಎಲ್ಲೂ ನೋಡಿಲ್ಲ ನಾನು.’

ಅಕ್ಕಾ, ಕಿವಿ ಮಡಿಕೆ. ಮೂರು ಮಡಿಕೆ ಹಾಕಿ, ಕೊನೆಯ ಮೂಲೆಯನ್ನು ಒಳಗೆ ತೂರಿಸಿ, ಸಣ್ಣ ಜೇಬಿನಂತೆ ಬಿಡುವುದು. ಪುಟ ಅಡಗಿಸಿ ದಾಟಿಸುವುದಕ್ಕೆಂದೇ ನಿಮ್ಮವರು ಎಂದೋ ಕಂಡುಕೊಂಡದ್ದು. ನಾವು ಹುಟ್ಟಿದಾಗಿನಿಂದ ಮನೆಯಲ್ಲಿ ಹೊದಿಕೆ ಮಡಚುವುದೇ ಹಾಗೆ, ಅದಕ್ಕೇ ನಿನಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಚಿತ್ರೀಕರಣ ಮುಗಿಯಿತು ಎಂದಮೇಲೆ ನೀವು ಮರೆಗೆ ಕಟ್ಟಿದ್ದ ಬಟ್ಟೆಗಳನ್ನು ಇಳಿಸಿ ಇಬ್ಬಿಬ್ಬರಾಗಿ ಮಡಚತೊಡಗಿದಿರಿ. ಕ್ಯಾಮೆರಾದವನು ನಿಲ್ಲಿಸಲಿಲ್ಲ. ಒಂದೂವರೆ ನಿಮಿಷ, ಮಾತಿಲ್ಲದೆ, ಹನ್ನೆರಡು ಜೋಡಿ ಕೈ. ಇಡೀ ಸರಣಿಯಲ್ಲೇ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಅದನ್ನೇ ಕಂತಿನ ಕೊನೆಗೆ ಇಟ್ಟೆ, ಜಾಹೀರಾತಿನಲ್ಲಿ ಇರುವುದೂ ಅದೇ.

ಮತ್ತು ನಿಮ್ಮ ಮ್ಯಾನೇಜರ್ ಆ ಮಡಿಕೆಯ ಚಿತ್ರವನ್ನು ವ್ಯಾನಿನ ಎರಡೂ ಬದಿಗೆ ಬರೆಸಿದ್ದಾನೆ.

ಎರಡನೆಯ ಸಲ ನಾನು ಇದನ್ನು ಮಾಡುವುದಿಲ್ಲ. ಕಂತನ್ನೇ ಹಿಂತೆಗೆದುಕೊಳ್ಳುತ್ತೇನೆ. ಕೆಲಸ ಹೋದರೆ ಹೋಗಲಿ.

ಪುಟ್ಟಿ


ಮೇ ೨೬

ಪುಟ್ಟಿ,

ಹಿಂತೆಗೆದುಕೊಂಡರೆ ನೋಡು.

ಕಾಗದ ಓದಿ ಹೆದರಿದ್ದು ನಿಜ. ಗೋಡೆಯ ಗೂಡಿನಲ್ಲಿ ಜೋಡಿಸಿಟ್ಟ ನಮ್ಮ ಮನೆಯ ಹೊದಿಕೆಗಳನ್ನು ನೋಡಿದೆ. ಒಂದೊಂದೂ ಕಿವಿ ತೋರಿಸಿಕೊಂಡು ಕೂತಿವೆ. ಇಷ್ಟು ವರ್ಷ ಅದೊಂದು ಗುರುತು ಎಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಎಲ್ಲರಿಗೂ ಹೇಳಬೇಕಿತ್ತು, ಹೇಗೆ ಹೇಳುವುದು ಎಂದು ಗೊತ್ತಿರಲಿಲ್ಲ. ಕೊನೆಗೆ ನಿನ್ನ ಕಾಗದವನ್ನೇ ಓದಿದೆ. ಬೇಡ ಎಂದಿದ್ದ ಮೂವರಲ್ಲಿ ಒಬ್ಬಳು ಹೊಲಿಗೆ ಕೋಣೆಯವಳು, ನಾವು ಅವಳನ್ನು ಸೂಜಿ ಎನ್ನುತ್ತೇವೆ. ‘ನಾನು ಹೇಳಿರಲಿಲ್ವಾ?’ ಎನ್ನುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆ:

‘ಈ ಮಡಿಕೆ ಬೇರೆ ಕಡೇನೂ ಇದ್ದಿದ್ರೆ?’

‘ಇಲ್ವಲ್ಲ.’

‘ಇಲ್ಲ ಅಂದ್ರೆ ಆಗೋ ಹಾಗೆ ಮಾಡ್ಬೇಕು. ನಮಗೇನು ಮಡಚೋಕೆ ಬರಲ್ವಾ, ಹೇಳಿಕೊಡೋಕೆ ಬರಲ್ವಾ?’

ಅರ್ಥವಾಯಿತೇನೇ? ಊರಿನಲ್ಲಿ ಬಟ್ಟೆ ಒಗೆಯುವ ಕಡೆಯೆಲ್ಲ ಕಿವಿ ಮಡಿಕೆ ಇದ್ದರೆ, ಟೀವಿಯಲ್ಲಿ ಕಂಡ ಕೈ ಯಾರದಾದರೂ ಆಗಬಹುದು. ನಮ್ಮ ಗಾಡಿಗಳು ಎರಡು ಆಸ್ಪತ್ರೆಗೆ, ಮೂರು ಹೋಟೆಲಿಗೆ ಹೋಗುತ್ತವೆ. ಅಲ್ಲಿನ ಹೆಂಗಸರು ಬೇರೆ ಕಡೆಯವರನ್ನು ಬಲ್ಲರು. ಪತ್ರಿಕೆ ಹೋಗುವ ದಾರಿಯಲ್ಲೇ ಮಡಿಕೆಯೂ ಹೋಗುತ್ತದೆ.

ಅಮ್ಮನ ಕಾಲದಲ್ಲಿ ಯಾರಿಗೂ ಇದು ಹೊಳೆಯಲಿಲ್ಲ. ಹೊಳೆಯುವಷ್ಟು ಸಮಯವೂ ಸಿಗಲಿಲ್ಲ. ನಿನ್ನಿಂದ ಬೇಕಾದದ್ದು ಅದೊಂದೇ. ಎಷ್ಟು ವಾರ ತಡೆಯಬಲ್ಲೆ?

ಅಕ್ಕ


ಜೂನ್ ೭

ಅಕ್ಕಾ,

ಆರು ವಾರ.

ಚಾನೆಲ್ಲಿನ ಮುಖ್ಯಸ್ಥರ ಕೋಣೆಯ ಹೊರಗೆ ಎರಡು ದಿನ ಕೂತೆ. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಗಿಡ್ಡ; ನಾನು ಅದಕ್ಕೆ ಒಗ್ಗಿಹೋದೆ. ಅವರ ಕಾರ್ಯದರ್ಶಿ ಮೊದಲ ದಿನ ‘ಇವತ್ತು ಆಗಲ್ಲಮ್ಮ’ ಎಂದು ಐದು ಸಲ ಹೇಳಿದಳು. ಎರಡನೆಯ ದಿನ ಕುರ್ಚಿಯ ಕಾಲಿಗೆ ಮಡಚಿದ ರಟ್ಟು ಇಟ್ಟುಕೊಟ್ಟಳು.

ಸುಳ್ಳು ಹೇಳಲಿಲ್ಲ. ‘ಈಗ ಪ್ರಸಾರವಾದರೆ ಚಿತ್ರದಲ್ಲಿರುವವರು ಸಿಕ್ಕಿಬೀಳುತ್ತಾರೆ, ಆರು ವಾರ ಕೊಡಿ’ ಎಂದೆ. ಆರು ವಾರದಲ್ಲಿ ಏನು ಬದಲಾಗುತ್ತದೆ ಎಂದರು. ಅದನ್ನು ಹೇಳುವುದಕ್ಕಾಗುವುದಿಲ್ಲ ಎಂದೆ. ಆ ಒಂದೂವರೆ ನಿಮಿಷ ಕತ್ತರಿಸಿಬಿಡಿ ಮತ್ತೆ ಎಂದರು. ಒಂದು ಕ್ಷಣ ತಡವರಿಸಿದೆ, ಅಕ್ಕಾ. ಕತ್ತರಿಸಿದರೆ ಎಲ್ಲ ಮುಗಿಯುತ್ತಿತ್ತು. ಆದರೆ ರೋಲರ್ ಅತ್ತೆ ಹೇಳಿದ್ದು ನೆನಪಾಯಿತು. ಆ ಒಂದೂವರೆ ನಿಮಿಷದಲ್ಲೇ ನೀವು ಇದ್ದೀರಿ. ಉಳಿದದ್ದೆಲ್ಲ ನಿಮ್ಮ ಬಗ್ಗೆ ಇದೆ ಅಷ್ಟೇ. ‘ನಿಮ್ಮಿಷ್ಟ. ಆದರೆ ಮೊದಲು ಅವರನ್ನು ಕೇಳಬೇಕು’ ಎಂದೆ.

ಕೊನೆಗೆ ನಮ್ಮ ಕಂತನ್ನು ಎರಡನೆಯದರಿಂದ ಆರನೆಯದಕ್ಕೆ ತಳ್ಳಿದರು. ಅಲ್ಲಿಯವರೆಗೆ ಜಾಹೀರಾತಿನಲ್ಲಿ ಲಿಫ್ಟಿನ ನಾಟಕದವರು ಬರುತ್ತಾರೆ. ಜುಲೈ ೧೯, ಸಂಜೆ ಏಳು.

ಕತ್ತರಿಸಬೇಕೇ? ನೀವು ಹೇಳಿದಂತೆ.

ಪುಟ್ಟಿ


ಜೂನ್ ೨೯

ಪುಟ್ಟಿ,

ಕತ್ತರಿಸಬೇಡ. ಕೇಳಿದ್ದಕ್ಕೆ ರೋಲರ್ ಅತ್ತೆ, ‘ಈ ಸಲ ಕೇಳಿದಳಲ್ಲ’ ಎಂದಳು. ಅಷ್ಟೇ ಹೇಳಿದ್ದು.

ಸೂಜಿ ಕರವಸ್ತ್ರದಷ್ಟು ಬಟ್ಟೆಯಲ್ಲಿ ಮಾದರಿಗಳನ್ನು ಮಾಡಿದ್ದಾಳೆ. ಮಡಿಕೆ ಬೀಳುವಲ್ಲಿ ಒಂದರಿಂದ ಐದರವರೆಗೆ ಅಂಕಿ. ನಮ್ಮ ಗಾಡಿ ಹೋಗುವ ಐದು ಕಡೆಗೂ, ಅಲ್ಲಿನವರು ಬಲ್ಲ ಇನ್ನು ಹದಿನೈದು ಕಡೆಗೂ ಎಂದು ಇಪ್ಪತ್ತು ಮಾದರಿ ದಿಂಬಿನ ಕವರುಗಳೊಳಗೆ ಹೊರಟವು. ಐದನೆಯ ಅಂಕಿಯ ಪಕ್ಕದಲ್ಲಿ ಬಕೆಟ್ ಯಾರಿಗೂ ಹೇಳದೆ ಬರೆದುಬಿಟ್ಟಿದ್ದಾಳೆ: ‘ಕಿವಿಯೊಳಗೆ ನಿಮ್ಮ ಮನಸ್ಸಿಗೆ ಬಂದದ್ದು ಇಡಿ.’

‘ಇದ್ಯಾಕೆ ಬರೆದೆ?’ ಎಂದರೆ, ‘ಬರೀ ಮಡಿಕೆ ಕೊಟ್ರೆ ಯಾರು ಕಲಿತಾರೆ? ಏನೋ ಒಂದು ಆಸೆ ಬೇಡ್ವಾ?’ ಎನ್ನುತ್ತಾಳೆ.

ಮೊದಲ ವಾರ ನಗೆಪಾಟಲು. ದೊಡ್ಡ ಹೋಟೆಲಿನ ಮೇಲ್ವಿಚಾರಕಿ ಮಾದರಿಯನ್ನು ವಾಪಸು ಕಳಿಸಿದಳು, ‘ನೀವು ಕಳಿಸಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತೇವೆ, ನಮ್ಮ ಕಪಾಟಿಗೆ ನಮ್ಮ ಮಡಿಕೆ ಸರಿಯಾಗಿದೆ’ ಎಂದು. ಆಗ ರೋಲರ್ ಅತ್ತೆ ರಜೆ ಹಾಕಿ ತಾನೇ ಹೋದಳು. ಹಿಂಬಾಗಿಲಲ್ಲಿ ನಿಂತು, ಹತ್ತು ಬೆಡ್‌ಶೀಟು ಅವರ ಮಡಿಕೆಯಲ್ಲಿ, ಹತ್ತು ನಮ್ಮದರಲ್ಲಿ ಪೇರಿಸಿ, ‘ನಡುವಿಂದ ಒಂದು ಎಳಿ ನೋಡೋಣ’ ಎಂದಳಂತೆ. ಅವರದು ಪೂರ್ತಿ ಕುಸಿಯಿತು. ನಮ್ಮದು ಕಿವಿ ಹಿಡಿದು ಎಳೆದರೆ ಒಂದೇ ಬಂತು. ಮರುದಿನ ಆ ಹೋಟೆಲಿಂದ ಬಂದ ಕೊಳೆ ಬಟ್ಟೆಯ ಗಂಟಿನಲ್ಲಿ ಬಳಸದ ಬೆಡ್‌ಶೀಟೊಂದು ಇತ್ತು, ಕಿವಿ ಸಮೇತ. ಸ್ವಲ್ಪ ಸೊಟ್ಟ, ಆದರೂ ಕಿವಿಯೇ.

ಈಗ ಎರಡೂ ಆಸ್ಪತ್ರೆ ಮಾಡುತ್ತಿವೆ. ಮೂರರಲ್ಲಿ ಎರಡು ಹೋಟೆಲು. ಮೇಲಿನ ಬೀದಿಯ ಇಸ್ತ್ರಿಯವನೂ. ಇದು ಸಾಕೇ? ಗೊತ್ತಿಲ್ಲ. ಕಣ್ಣಿಗೆ ಬಿದ್ದವರಿಗೆಲ್ಲ ಕಲಿಸುತ್ತಿದ್ದೇವೆ. ಮೊನ್ನೆ ಬಸ್ಸಿನಲ್ಲಿ ಪಕ್ಕದವಳ ಶಾಲನ್ನೇ ಇಸಿದುಕೊಂಡು ಬಕೆಟ್ ಪಾಠ ಮಾಡಿದಳು.

ಒಂದು ವಿಷಯ ನಿನಗೆ ಹೇಳಬೇಕು. ಸೂಜಿ ಕೂರುವುದು ಅಮ್ಮ ಕೂರುತ್ತಿದ್ದ ಜಾಗದಲ್ಲೇ. ಮಾದರಿ ಹೊಲಿಯುತ್ತ ಅವಳು ತಲೆ ಎತ್ತದೆ ಕೇಳಿದಳು: ‘ನಿನ್ನ ತಂಗಿ ಆ ಪ್ರಬಂಧದಲ್ಲಿ ಏನು ಬರೆದಿದ್ದಳು?’ ನನಗೆ ಗೊತ್ತಿಲ್ಲ ಎಂದೆ. ಅದು ನಿಜ. ಇಷ್ಟು ವರ್ಷದಲ್ಲಿ ನಾನು ಅದನ್ನು ಓದಿಯೇ ಇಲ್ಲ. ನಿನ್ನ ಬಳಿ ಇದ್ದರೆ ಕಳಿಸು.

ಅಕ್ಕ


ಜುಲೈ ೧೪

ಅಕ್ಕಾ,

ಪ್ರಬಂಧ ಈ ಕಾಗದದ ಜೊತೆಗಿದೆ. ನಾಲ್ಕು ಪುಟ. ತಿದ್ದಿಲ್ಲ. ಎರಡನೆಯ ಪುಟದಲ್ಲಿ ಅಮ್ಮನ ಬೆರಳುಗಳ ಬಗ್ಗೆ ಬರೆದದ್ದು ಈಗಲೂ ಸರಿ ಎನಿಸುತ್ತದೆ. ಉಳಿದದ್ದು ಹತ್ತೊಂಬತ್ತರ ಜಂಬ. ಅಮ್ಮನನ್ನು ಒಂದು ಮಾತು ಕೇಳಿ ಬರೆದಿದ್ದರೆ ಎಂಬುದು ಬಿಟ್ಟರೆ ಹೇಳಲು ಬೇರೇನೂ ಇಲ್ಲ.

ನಾನು ಇಲ್ಲಿ ಒಬ್ಬಳೇ ನೋಡುತ್ತೇನೆ. ಅಲ್ಲಿಗೆ ಬರಬೇಕೆನಿಸಿತ್ತು, ಆದರೆ ನಿಮ್ಮ ಮನೆಗೆ ನಾನು ಬಂದು ಹೋದದ್ದನ್ನು ಯಾರಾದರೂ ನೋಡಿದರೆ ಆ ಕೈಗಳಿಗೆ ಮನೆ ಸಿಕ್ಕಿಬಿಡುತ್ತದೆ. ಎಲ್ಲ ತಣ್ಣಗಾಗಲಿ. ಆಮೇಲೆ ಬರುತ್ತೇನೆ, ಬಾ ಎಂದರೆ.

ನಾನು ಬೀದಿಯಲ್ಲಿ ಹೋಗುವಾಗ ಈಗ ಜನರ ಬಾಲ್ಕನಿಗಳನ್ನೇ ನೋಡುತ್ತೇನೆ, ಯಾರು ಬಟ್ಟೆ ಹೇಗೆ ಮಡಚುತ್ತಾರೆಂದು. ಇಲ್ಲಿ ಒಂದೂ ಕಿವಿ ಕಂಡಿಲ್ಲ. ನಿಮ್ಮಲ್ಲಿ ಕಾಣಲಿ.

ಪುಟ್ಟಿ


ಜುಲೈ ೨೦, ಬೆಳಿಗ್ಗೆ

ಪುಟ್ಟಿ,

ಕೆಲಸಕ್ಕೆ ಹೊರಡಲು ಇನ್ನೂ ಒಂದು ಗಂಟೆ ಇದೆ. ನಿದ್ದೆ ಬರಲಿಲ್ಲ, ಬರೆಯುತ್ತಿದ್ದೇನೆ.

ನಿನ್ನೆ ನೋಡಿದೆ. ಎಲ್ಲರೂ ಅವರವರ ಮನೆಯಲ್ಲೇ ನೋಡಬೇಕು, ಒಟ್ಟಿಗೆ ಸೇರಬಾರದು ಎಂದು ಮಾಡಿಕೊಂಡಿದ್ದೆವು. ಬಕೆಟ್ ಮನೆಯಲ್ಲಿ ಗಂಡ ಪೂರ್ತಿ ನೋಡಿದನಂತೆ; ಅವಳ ಪುಟ ಬಂದಾಗ ‘ಯಾರೋ ಚೆನ್ನಾಗಿ ಬರೀತಾಳೆ’ ಎಂದನಂತೆ. ಅವಳು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕಳಂತೆ. ಅಥವಾ ಅತ್ತಳೋ. ಫೋನಿನಲ್ಲಿ ‘ನಲ್ಲಿ ಬಿಟ್ಟೆ’ ಎಂದಷ್ಟೇ ಹೇಳಿದಳು.

ಮಡಚುವುದನ್ನು ನೋಡುವಾಗ ನಾನು ಟೀವಿಯ ಹತ್ತಿರಕ್ಕೆ ಸರಿದು ಕೂತೆ. ಹನ್ನೆರಡು ಜೋಡಿ ಕೈಗಳಲ್ಲಿ ನನ್ನ ಕೈ ಯಾವುದೆಂದು ನನಗೇ ಗುರುತು ಸಿಗಲಿಲ್ಲ. ಪ್ರಬಂಧವನ್ನೂ ಓದಿದೆ. ಅಮ್ಮನ ಬೆರಳಿನ ಪುಟವನ್ನು ಎರಡು ಸಲ. ಅದರ ಬಗ್ಗೆ ಎದುರಿಗೆ ಕೂತು ಮಾತಾಡುತ್ತೇನೆ, ಕಾಗದದಲ್ಲಿ ಬೇಡ. ಬಾ.

ಆದರೆ ಇವತ್ತು ಏನಾಗುತ್ತದೋ ಗೊತ್ತಿಲ್ಲ. ಮ್ಯಾನೇಜರ್ ಟೀವಿ ನೋಡುವವನು. ಅವನು ಎದುರು ನಿಂತು ಕೇಳಿದರೆ, ‘ಈ ಮಡಿಕೆ ಊರಲ್ಲೆಲ್ಲ ಇದೆಯಲ್ಲ ಸಾರ್’ ಎಂದು ನಲವತ್ತೊಂದು ಜನವೂ ಒಂದೇ ಮುಖ ಇಟ್ಟುಕೊಂಡು ಹೇಳಬೇಕು. ಹೇಳುತ್ತೇವೆ. ಯಾರೊಬ್ಬಳನ್ನೂ ಈ ಸಲ ಎಬ್ಬಿಸಿ ಬೇರೆ ಕಡೆ ಕೂರಿಸಲು ಬಿಡುವುದಿಲ್ಲ, ಹೋದರೆ ಎಲ್ಲರೂ ಹೋಗುತ್ತೇವೆ ಎಂದೂ ಮಾಡಿಕೊಂಡಿದ್ದೇವೆ. ಆದರೂ ನಾವು ಮಾದರಿ ಕಳಿಸಿದ್ದು ಇಪ್ಪತ್ತು ಕಡೆಗೆ. ಇಪ್ಪತ್ತು ಎಂದರೆ ‘ಊರಲ್ಲೆಲ್ಲ’ ಆಗುತ್ತದೆಯೇ?

ಇಷ್ಟು ಬರೆಯುವಾಗ ಬಾಗಿಲು ಬಡಿದರು. ತೆಗೆದರೆ ಎದುರುಮನೆಯಾಕೆ. ಊರಾಚೆಯ ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವವಳು. ಅವರದು ಸ್ವಂತ ಒಗೆತ. ನಮ್ಮ ಗಾಡಿ ಅತ್ತ ಹೋಗುವುದೇ ಇಲ್ಲ, ನಮ್ಮ ಇಪ್ಪತ್ತರಲ್ಲಿ ಅದು ಇಲ್ಲವೇ ಇಲ್ಲ, ನಾನೂ ಆಕೆಗೆ ಒಂದು ಮಾತು ಹೇಳಿದವಳಲ್ಲ. ಮೆಟ್ಟಿಲ ಕಡೆ ಒಮ್ಮೆ ನೋಡಿ, ಚೌಕಟ್ಟು ಹಿಡಿದುಕೊಂಡು, ಪಿಸುದನಿಯಲ್ಲಿ ಹೇಳಿದಳು. ಸಹಿ ಮಾಡಿ, ಆಕೆ ಹೇಳಿದ್ದನ್ನು ಹೇಳಿದ ಹಾಗೇ ಕೆಳಗೆ ಬರೆದು, ಕೆಲಸಕ್ಕೆ ಹೊರಡುತ್ತೇನೆ.

ನಿನ್ನ
ಅಕ್ಕ

‘ನಿನ್ನೆ ಟೀವೀಲಿ ನಮ್ಮ ಹಾಸ್ಟೆಲಿನವರನ್ನ ತೋರಿಸಿಬಿಟ್ರು ಕಣ್ರೀ. ಮುಖ ಮುಚ್ಚಿದ್ರು, ಆದ್ರೆ ಆ ಮಡಿಕೆ ನಮ್ಮದೇ. ನಾವು ಬಟ್ಟೇಲಿ ಬರೆಯೋಕೆ ಶುರು ಮಾಡಿ ಇನ್ನೂ ಮೂರು ವಾರ ಆಗಿಲ್ಲ, ಅಷ್ಟರಲ್ಲಿ ಅವರಿಗೆ ಯಾರು ಹೇಳಿದ್ದು ಅಂತೀರಾ?’